ಇದು ನಿನ್ನ ಫೋಟೋನೇನಾ?



ಸ್ವಲ್ಪ ಉದ್ದದ ಪೋಸ್ಟ್. ಧರಣಿ, ಮನವಿಪತ್ರದ ವಿಷಯ ಅಲ್ಲ. ಪಾಸ್‌ಪೋರ್ಟ್ ಸೈಜ್ ಫೋಟೋ ಮನೆಯಲ್ಲೇ ತೆಗೆಯೋದರ ಬಗ್ಗೆ. ನಗಬೇಡಿ, ಪುರುಸೊತ್ತಾದಾಗ ಓದಿ.

ಹೋದ ಭಾನುವಾರ ನಮ್ಮಕ್ಕನ ಮಗಳು ಕುಣಿಗಲ್‌ನಿಂದ ಬೆಳಗಿನ ಬಸ್ಸು ಹತ್ತಿ, ಹೆಬ್ಬೂರು ಮೇಲಾಸಿ ತುಮಕೂರಿಗೆ ಬಂದಿಳಿದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಕಾಫಿ ಕುಡಿಯೋಕೂ ಮೊದಲೇ, "ಮಾಮ, ಒಂದು ಅರ್ಜಿ ಹಾಕಬೇಕು, ಫೋಟೋ ನೀನೇ ತೆಗಿ, ನಾನು ಸ್ಟುಡಿಯೋಗೆ ಹೋಗಲ್ಲ" ಅಂದಳು. ಯಾಕವ್ವಾ ಅಂದೆ. ಸುಮ್ಮನಿದ್ದಳು. ನನ್ನ ಹೆಂಡತಿ ಚಿತ್ರಾನ್ನದ ತಟ್ಟೆ ಕೈಗೆ ಕೊಟ್ಟು ಪಕ್ಕದಲ್ಲಿ ಕೂತ ಮೇಲೆ, ನಗ್ತಾ ನಗ್ತಾ ಹೇಳಿದಳು. ನಗ್ತಾ ಹೇಳೋ ವಿಷಯ ಅದಾಗಿರಲಿಲ್ಲ.

ಮೂರು ತಿಂಗಳ ಹಿಂದೆ ಒಂದು ಸ್ಪರ್ಧಾತ್ಮಕ ಪರೀಕ್ಷೆ ಬರೆಯೋಕೆ ಹೋಗಿದ್ದಳು. ಕೊಠಡಿ ಮೇಲ್ವಿಚಾರಕರು ಹಾಲ್ ಟಿಕೆಟ್ ನೋಡಿ, ಇವಳ ಮುಖ ನೋಡಿ, ಮತ್ತೆ ಹಾಲ್ ಟಿಕೆಟ್ ನೋಡಿ, "ಇದು ನಿನ್ನ ಫೋಟೋನೇನಾ?" ಅಂತ ಕೇಳಿದ್ದಾರೆ. ಹೌದು ಸಾರ್ ಅಂದ್ರೆ, "ಇವಳ್ಯಾರೋ ಬೆಳ್ಳಗಿದ್ದಾಳಲ್ಲ" ಅಂದಿದ್ದಾರೆ. ಇಡೀ ಕೊಠಡಿ ತಿರುಗಿ ನೋಡಿದೆ. ಆಧಾರ್ ಕಾರ್ಡ್ ತೋರಿಸು, ಇಲ್ಲಿ ನಿಲ್ಲು, ಮುಚ್ಚಳಿಕೆ ಬರೆದುಕೊಡು ಅಂತ ಇಪ್ಪತ್ತು ನಿಮಿಷ. ಎಲ್ಲರೂ ಬರೀತಿರೋವಾಗ ಇವಳು "ಸದರಿ ಭಾವಚಿತ್ರದಲ್ಲಿರುವವಳು ನಾನೇ" ಅಂತ ಬರೀತಾ ಕೂತಿದ್ದಾಳೆ. ಪರೀಕ್ಷೆ ಹೇಗಾಯ್ತು ಅಂತ ನಾನು ಕೇಳಲಿಲ್ಲ.

ತಪ್ಪು ಅವಳದಲ್ಲ. ಸ್ಟುಡಿಯೋದವನು ಕೇಳದೇನೇ ಅವಳ ಮುಖವನ್ನ ಕಂಪ್ಯೂಟರಿನಲ್ಲಿ ತಿಕ್ಕಿ ತಿಕ್ಕಿ ಬಿಳಿ ಮಾಡಿದ್ದ. ಕಣ್ಣ ಕೆಳಗಿನ ಮಚ್ಚೆಯೂ ಮಾಯ. ಅರ್ಜಿಯಲ್ಲಿ ಗುರುತಿನ ಚಿಹ್ನೆ ಅಂತ ಬರೆದಿದ್ದದ್ದೇ ಆ ಮಚ್ಚೆ!

ನಾನು ಗುಮಾಸ್ತೆ ಕೆಲಸದವನು. ಇಷ್ಟು ವರ್ಷ ಅರ್ಜಿ ಮೇಲೆ ಅಂಟಿಸಿದ ಫೋಟೋಗಳನ್ನ ನೋಡ್ಕೊಂಡೇ ಸಂಬಳ ತಗೊಂಡಿದ್ದೀನಿ. ಟೇಬಲ್ ಆಚೆ ನಿಂತಿರೋ ಹೆಣ್ಣುಮಗಳು ಹೊಲದಲ್ಲಿ ಬಿಸಿಲಿಗೆ ಸುಟ್ಟವಳು, ಅರ್ಜಿ ಮೇಲಿನವಳು ಸೋಪಿನ ಜಾಹೀರಾತಿನವಳು. ಎಷ್ಟೋ ಸಲ ನಾನೂ ಎರಡೆರಡು ಸಲ ನೋಡಿದ್ದೀನಿ. "ಇದು ನಿನ್ನದೇನಮ್ಮಾ?" ಅಂತ ಕೇಳಿಯೂ ಇದ್ದೀನಿ. ಕೇಳಿದವನಿಗೆ ಅದು ಅರ್ಧ ನಿಮಿಷದ ಮಾತು. ಕೇಳಿಸಿಕೊಂಡವರು ಅದನ್ನ ಮನೆಗೆ ಹೊತ್ಕೊಂಡು ಹೋಗ್ತಾರೆ ಅಂತ ಭಾನುವಾರ ಗೊತ್ತಾಯ್ತು.

ಫೋಟೋ ವಿಷಯದಲ್ಲಿ ನನ್ನದೂ ಒಂದು ಹಳೇ ಗಾಯ ಇದೆ. 1996, ಎಸ್ಸೆಸ್ಸೆಲ್ಸಿ ಅರ್ಜಿಗೆ ಫೋಟೋ ಬೇಕಿತ್ತು. ಊರಿಂದ ನಾವು ನಾಲ್ಕು ಹುಡುಗರು ಗುಬ್ಬಿಗೆ ಹೋದ್ವಿ. ಆಗಿನ ಸ್ಟುಡಿಯೋಗಳು ಗೊತ್ತಲ್ಲ: ಒಂದು ಕನ್ನಡಿ, ಒಂದು ಬಾಚಣಿಗೆ, ಪೌಡರ್ ಡಬ್ಬ, ಮೊಳೆಗೆ ನೇತುಹಾಕಿದ ಒಂದು ಕಪ್ಪು ಕೋಟು. ಬಂದವರೆಲ್ಲ ಅದೇ ಕೋಟು ಹಾಕ್ಕೊಂಡು ಸ್ಟೂಲಿನ ಮೇಲೆ ಕೂರೋದು. ತಾಲ್ಲೂಕಿನ ಅರ್ಧ ಜನದ ಫೋಟೋದಲ್ಲಿ ಒಂದೇ ಕೋಟು. ನನ್ನ ಜೊತೆಗಿದ್ದ ಮೂವರೂ ಹಾಕ್ಕೊಂಡರು. ನನ್ನ ಸರದಿ ಬಂದಾಗ ಆತ, "ಯಾವೂರು?" ಅಂದ. ಹೇಳಿದೆ. "ಊರಲ್ಲಿ ಎಲ್ಲಿ ಮನೆ?" ಅಂದ. ಅದನ್ನೂ ಹೇಳಿದೆ, ಹದಿನೈದರ ಹುಡುಗ, ಸುಳ್ಳು ಹೇಳೋಕೆ ಬರ್ತಿರಲಿಲ್ಲ. "ಕೋಟು ಇಸ್ತ್ರಿಗೆ ಕೊಡಬೇಕು, ನೀನು ಹಂಗೇ ಕೂತ್ಕೋ" ಅಂದ. ಕೋಟು ಅಲ್ಲೇ ಇತ್ತು. ಆಗ ತಾನೇ ಬಿಚ್ಚಿದ ಗೆಳೆಯನ ಕೈಯಲ್ಲೇ ಇತ್ತು. ಅವನೂ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಮಾಸಿದ ಯೂನಿಫಾರ್ಮ್ ಶರ್ಟಲ್ಲಿ, ದವಡೆ ಬಿಗಿಹಿಡಿದು ಕೂತಿರೋ ಆ ಫೋಟೋ ಇವತ್ತಿಗೂ ನನ್ನ ಹತ್ತಿರ ಇದೆ. ಅದರಲ್ಲಿ ಕೋಪದಲ್ಲಿದ್ದೀನಿ ಅಂತ ಮಗಳು ಅಂತಾಳೆ. ಕೋಪ ಅಲ್ಲ ಅದು.

(ಗುಬ್ಬಿ ವೀರಣ್ಣನವರ ಕಂಪನಿ ಹುಟ್ಟಿದ ಊರು ಅದು. ಮುಖಕ್ಕೆ ಬಣ್ಣ ಹಚ್ಚಿದ್ರೆ ಯಾರು ಬೇಕಾದ್ರೂ ರಾಜ ಆಗಬಹುದಿತ್ತು. ಒಂದು ಕೋಟಿಗೆ ಮಾತ್ರ ಅಷ್ಟು ಮಡಿ.)

ಇನ್ನು ನಮ್ಮವ್ವನ ಫೋಟೋ. ಅವ್ವನದು ಜೀವಮಾನದಲ್ಲಿ ಎರಡೇ ಫೋಟೋ. ಮೊದಲನೇದು ಶೇಷನ್ ಕಾಲದ್ದು. 1993ರಲ್ಲಿ ಓಟಿಗೆ ಫೋಟೋ ಇರೋ ಗುರುತಿನ ಚೀಟಿ ಬೇಕು ಅಂತ ಆಯ್ತಲ್ಲ, ಆಮೇಲೆ ನಮ್ಮೂರಿಗೂ ಬಂದರು. ಶಾಲೆ ಜಗಲಿ ಮೇಲೆ ಸಾಲಾಗಿ ಕೂರಿಸಿ ಟಕ ಟಕ ತೆಗೆದರು. ಚೀಟಿ ಬಂದಾಗ ನೋಡಿದ್ರೆ ಅವ್ವನ ಮುಖದ ಜಾಗದಲ್ಲಿ ಒಂದು ಕಪ್ಪು ಮಸಿ, ಅದರೊಳಗೆ ಎರಡು ಕಣ್ಣು. "ಇದ್ಯಾವ ಗುಮ್ಮನ್ಲಾ" ಅಂತ ಅವ್ವನೇ ನಕ್ಕಿತ್ತು. ನಮ್ಮ ಕೇರಿಯ ಎಲ್ಲರ ಚೀಟಿಯಲ್ಲೂ ಹೆಚ್ಚುಕಮ್ಮಿ ಅದೇ ಗುಮ್ಮ. ಎರಡನೇದು ಅಪ್ಪ ಹೋದ ಮೇಲೆ, ವಿಧವಾ ವೇತನದ ಅರ್ಜಿಗೆ ತೆಗೆಸಿದ್ದು. ಅದು ಕಲರ್. ಅಲ್ಲಿ ಉಲ್ಟಾ: ಅವ್ವ ಬೆಣ್ಣೆ ಬಣ್ಣ. ಕೆನ್ನೆ ಮೇಲೆ ಗುಲಾಬಿ. ಸುಕ್ಕಿಲ್ಲ. ಅರವತ್ತರ ಹೆಂಗಸು, ಜೀವಮಾನವೆಲ್ಲ ನಾಟಿ ಹಾಕಿ, ಕಳೆ ಕಿತ್ತವಳು.

ಅವ್ವ ತೀರಿಕೊಂಡಾಗ ದೊಡ್ಡದು ಮಾಡಿಸಿ ಫ್ರೇಮ್ ಹಾಕೋಕೆ ನಮಗೆ ಇದ್ದದ್ದು ಈ ಎರಡೇ. ಮಸಿಯನ್ನ ದೊಡ್ಡದು ಮಾಡಿದ್ರೆ ದೊಡ್ಡ ಮಸಿ. ಹಾಗಾಗಿ ಬೆಣ್ಣೆಯನ್ನೇ ದೊಡ್ಡದು ಮಾಡಿಸಿದ್ವಿ. ಈಗಲೂ ನಡುಮನೆ ಗೋಡೆ ಮೇಲಿದೆ. ಚಿಕ್ಕವಳಿದ್ದಾಗ ನನ್ನ ಮಗಳು ಅದನ್ನ ತೋರಿಸಿ "ಅಪ್ಪಾ, ಇದು ಯಾರ ಅಜ್ಜಿ?" ಅಂತ ಕೇಳಿದ್ದಳು. ನಿನ್ನಜ್ಜಿನೇ ಕಣವ್ವ ಅಂದೆ. ಅವಳು ನಂಬಲಿಲ್ಲ. ಅವಳಿಗೆ ಅಜ್ಜಿಯ ಮುಖ ಚೆನ್ನಾಗಿ ನೆನಪಿತ್ತು.

ನಮ್ಮ ಮನೆಗಳಲ್ಲಿ ಹೀಗೇ ಅಲ್ವಾ? ಮದುವೆ ಆಲ್ಬಮ್ಮು, ನಾಮಕರಣದ ಆಲ್ಬಮ್ಮು ಈಚಿನವು. ನಮ್ಮ ಅಪ್ಪ ಅವ್ವಂದಿರ ತಲೆಮಾರಿನಲ್ಲಿ ಫೋಟೋ ಅಂದ್ರೆ ಅರ್ಜಿಯ ಫೋಟೋನೇ. ಸೈಟಿಗೆ, ಸಾಲಕ್ಕೆ, ಪಿಂಚಣಿಗೆ. ಸತ್ತ ಮೇಲೆ ಹಾರ ಬೀಳೋದೂ ಅದಕ್ಕೇ. ಅದಕ್ಕೇ ನಾನು ಅನ್ನೋದು, ಅದು ಮೂರೂವರೆ ಸೆಂಟಿಮೀಟರ್ ಕಾಗದ ಅಂತ ಹಗುರ ಮಾಡಬೇಡಿ.

ಮಸಿ ಯಾಕಾಗತ್ತೆ, ಬೆಣ್ಣೆ ಯಾಕಾಗತ್ತೆ ಅಂತ ನಾನು ಒಂದಷ್ಟು ಓದಿದೆ. ಕ್ಯಾಮೆರಾಕ್ಕೆ ಜಾತಿ ಗೊತ್ತಿಲ್ಲ, ಸರಿ. ಆದ್ರೆ ಅದಕ್ಕೆ ಬೆಳಕಿನ ಲೆಕ್ಕ ಕಲಿಸಿದವರಿಗೆ ಬಣ್ಣ ಗೊತ್ತಿತ್ತು. ಕೊಡಾಕ್ ಕಂಪನಿ ಫೋಟೋ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸ್ತಿತ್ತು, 'ಶರ್ಲಿ ಕಾರ್ಡ್' ಅಂತ. ಒಬ್ಬ ಬಿಳಿ ಹೆಂಗಸಿನ ಫೋಟೋ. ಅವಳ ಚರ್ಮ ಚೆನ್ನಾಗಿ ಬಂದ್ರೆ ಬಣ್ಣ ಸರಿಯಾಗಿದೆ ಅಂತ ಲೆಕ್ಕ. ಕರಿಯರ ಮುಖ ಮಸಿಯಾದ್ರೆ ಅದು ಯಾರ ತಲೆನೋವೂ ಆಗಿರಲಿಲ್ಲ. ಆಮೇಲೆ ಅದು ಸ್ವಲ್ಪ ಸುಧಾರಿಸಿದ್ದು ಯಾಕೆ ಗೊತ್ತಾ? ಚಾಕೊಲೇಟ್ ಮಾಡೋರು, ಮರದ ಪೀಠೋಪಕರಣ ಮಾರೋರು ತಮ್ಮ ಸರಕಿನ ಕಂದು ಬಣ್ಣ ಜಾಹೀರಾತಿನಲ್ಲಿ ಸರಿಯಾಗಿ ಕಾಣಿಸ್ತಿಲ್ಲ ಅಂತ ದೂರಿದ್ದಕ್ಕೆ. ಬೀರುವಿಗೆ ಸಿಕ್ಕ ನ್ಯಾಯ!

ಇನ್ನೊಂದು ಕಥೆ ನಮ್ಮವರು ಓದಲೇಬೇಕಾದ್ದು. ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರ ಕರಿಯರ ಮೇಲೆ ಪಾಸ್‌ಬುಕ್ ಹೇರಿತ್ತು, ಅದಿಲ್ಲದೆ ಬೀದಿಗೆ ಬಂದ್ರೆ ಜೈಲು. ಅದರ ಫೋಟೋಗಳಿಗೆ ಬಳಸ್ತಿದ್ದದ್ದು ಪೋಲರಾಯ್ಡ್ ಕಂಪನಿಯ ಐಡಿ-2 ಕ್ಯಾಮೆರಾ. ಅದರಲ್ಲಿ ಫ್ಲ್ಯಾಶ್ ಬೆಳಕು ಹೆಚ್ಚಿಸೋ ಒಂದು ಗುಂಡಿ ಇತ್ತು. ಅಂದ್ರೆ ನೋಡಿ, ಕಪ್ಪು ಮುಖವನ್ನ ಸ್ಪಷ್ಟವಾಗಿ ತೆಗೆಯೋ ಉಪಾಯ ಇತ್ತು, ಅದು ಕೈಗೆ ಸಿಕ್ಕಿದ್ದು ಕಾವಲು ಕಾಯೋರಿಗೆ. 1970ರಲ್ಲಿ ಅದೇ ಕಂಪನಿಯ ಇಬ್ಬರು ಕರಿಯ ನೌಕರರು, ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್, ಇದನ್ನ ಕಂಡುಹಿಡಿದು ಬೀದಿಗಿಳಿದರು. ಕೆಲಸ ಕಳ್ಕೊಂಡರು. ಬಹಿಷ್ಕಾರದ ಚಳವಳಿ ನಡೀತು. 1977ರಲ್ಲಿ ಕಂಪನಿ ದಕ್ಷಿಣ ಆಫ್ರಿಕಾ ಬಿಟ್ಟಿತು. ಒಂದು ಗುರುತಿನ ಚೀಟಿಯ ಫೋಟೋದಿಂದ ಶುರುವಾದ ಹೋರಾಟ.

ಇರಲಿ, ಪಂಚೆಗೆ ಬರ್ತೀನಿ.

ನಮ್ಮ ಮನೆ ಮುಂಬಾಗಿಲು ಉತ್ತರಕ್ಕೆ. ನೇರ ಬಿಸಿಲು ಬೀಳಲ್ಲ, ಬೆಳಕು ಮಾತ್ರ ಬರತ್ತೆ. ಫೋಟೋಗೆ ಇದಕ್ಕಿಂತ ಬೇರೆ ಲೈಟು ಬೇಡ. ಬಾಗಿಲಿಗೆ ಎದುರಾಗಿ ನಡುಮನೆಯ ಒಳಗೋಡೆಗೆ ನನ್ನ ಬಿಳಿ ಪಂಚೆಯನ್ನ ಸುಕ್ಕಿಲ್ಲದಂತೆ ಇಸ್ತ್ರಿ ಮಾಡಿ, ನಾಲ್ಕು ಮೊಳೆಗೆ ಬಿಗಿದೆ. ಅಕ್ಕನ ಮಗಳನ್ನ ಗೋಡೆಗೆ ಒರಗಿಸದೆ, ಮೂರ್ನಾಲ್ಕು ಅಡಿ ಮುಂದೆ ಸ್ಟೂಲ್ ಹಾಕಿ, ಮುಖ ಬಾಗಿಲ ಕಡೆ ಮಾಡಿ ಕೂರಿಸಿದೆ. ಗೋಡೆಗೆ ಒರಗಿದ್ರೆ ತಲೆಯ ಹಿಂದೆ ನೆರಳು ಬೀಳತ್ತೆ, ಅದಕ್ಕೇ ಎಷ್ಟೋ ಅರ್ಜಿ ವಾಪಸ್ ಬರೋದು. ನಾನು ಐದಾರು ಅಡಿ ದೂರದಲ್ಲಿ, ಬಾಗಿಲಿನ ಬೆಳಕಿಗೆ ಅಡ್ಡವಾಗದಂತೆ ಕುರ್ಚಿ ಮೇಲೆ ಕೂತು, ಫೋನನ್ನ ಅವಳ ಕಣ್ಣಿನ ಮಟ್ಟಕ್ಕೆ ಹಿಡಿದೆ. ಸೆಲ್ಫಿ ಬೇಡ. ಹತ್ತಿರದಿಂದ ತೆಗೆದ್ರೆ ಮೂಗು ದಪ್ಪ, ಕಿವಿ ಮಾಯ. ಹಿಂದಿನ ಕ್ಯಾಮೆರಾದಲ್ಲಿ, ದೂರದಿಂದ ತೆಗೆದು, ಆಮೇಲೆ ಕತ್ತರಿಸಿಕೊಳ್ಳಬೇಕು.

ಮೊದಲನೇ ಫೋಟೋ ತೆಗೆದೆ. ನೋಡಿದ್ರೆ ಅದೇ, ಅವ್ವನ ಓಟಿನ ಚೀಟಿ! ಪಂಚೆ ಫಳಫಳ, ಹುಡುಗಿ ಮುಖ ಮಸಿ. ಮೂವತ್ತು ವರ್ಷ ಆದ್ರೂ ಗುಮ್ಮ ಹೋಗಿಲ್ಲ. ವಿಷಯ ಇಷ್ಟೇ: ಹಿಂದೆ ಅಷ್ಟು ಬಿಳಿ ಇದ್ರೆ ಫೋನು 'ಬೆಳಕು ಜಾಸ್ತಿಯಾಯ್ತು' ಅಂತ ತಾನೇ ತಗ್ಗಿಸಿಕೊಳ್ಳತ್ತೆ, ಪೆಟ್ಟು ಬೀಳೋದು ಮುಖಕ್ಕೆ. ಪರದೆ ಮೇಲೆ ಅವಳ ಮುಖದ ಜಾಗಕ್ಕೆ ಬೆರಳು ಒತ್ತಿದೆ. ಪಕ್ಕದಲ್ಲಿ ಸೂರ್ಯನ ಗುರುತು ಬಂತು, ಅದನ್ನ ಸ್ವಲ್ಪ ಮೇಲಕ್ಕೆ ಎಳೆದೆ. ಆಮೇಲೆ ಅವಳತ್ತೆಗೆ ಒಂದು ಉಪಾಯ ಹೊಳೀತು. ಇನ್ನೊಂದು ಬಿಳಿ ಟವೆಲ್ ತಂದು ಅವಳ ತೊಡೆ ಮೇಲೆ ಹಾಸಿದಳು. ಬಾಗಿಲ ಬೆಳಕು ಅದಕ್ಕೆ ಬಡಿದು ಗಲ್ಲದ ಕೆಳಗೆ, ಕಣ್ಣ ಗುಳಿಗೆ ಹೋಯ್ತು. ನಾನು ಎರಡು ದಿನ ಓದಿ ತಿಳ್ಕೊಂಡಿದ್ದನ್ನ ಅವಳು ಟವೆಲ್ ಒಣಹಾಕೋ ಬುದ್ಧಿಯಲ್ಲೇ ಮಾಡಿದಳು.

ಎಲ್ಲಕ್ಕಿಂತ ಮುಖ್ಯ, ಫೋನಿನ 'ಬ್ಯೂಟಿ' ಮೋಡ್ ಆಫ್ ಮಾಡಿ. ಹೇಳದೆ ಕೇಳದೆ ತಾನಾಗೇ ಆನ್ ಆಗಿರೋ ಫೋನುಗಳಿವೆ. ಸ್ಟುಡಿಯೋದವನನ್ನ ಬೈದು ಮನೆಗೆ ಬಂದ್ರೆ ಅವನು ಜೇಬಿನಲ್ಲೇ ಕೂತಿರ್ತಾನೆ.

ಬಟ್ಟೆ ಗಾಢ ಬಣ್ಣದ್ದಿರಲಿ. ಬಿಳಿ ಹಿನ್ನೆಲೆಗೆ ಬಿಳಿ ಅಂಗಿ ಹಾಕಿದ್ರೆ ತಲೆಯೊಂದೇ ತೇಲಿದ ಹಾಗಿರತ್ತೆ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಕೋಟಿದೆ. ಕಡುನೀಲಿ. ಸಂತೆಯಲ್ಲಿ ಹಳೇ ಬಟ್ಟೆ ರಾಶಿಯಲ್ಲಿ ತಗೊಂಡಿದ್ದು. ಬಾಗಿಲ ಹಿಂದಿನ ಮೊಳೆಗೇ ನೇತುಹಾಕಿದ್ದೀನಿ. ಕೇರಿಯ ಯಾವ ಮಗು ಬಂದ್ರೂ ಯಾವೂರು ಅಂತ ಕೇಳೋದಿಲ್ಲ, ಹಾಕ್ಕೊಂಡು ಕೂತ್ಕೋ ಅಂತೀನಿ. ಅಕ್ಕನ ಮಗಳೂ ಹಾಕ್ಕೊಂಡಳು. ತೋಳು ಉದ್ದ ಆಯ್ತು, ಫೋಟೋದಲ್ಲಿ ತೋಳು ಬರಲ್ಲ ಬಿಡು ಅಂದೆ.

ಹತ್ತು ಹನ್ನೆರಡು ತೆಗೆದೆ. ಏಳನೆಯದೋ ಎಂಟನೆಯದೋ ಚೆನ್ನಾಗಿ ಬಂತು. ಕಣ್ಣ ಕೆಳಗಿನ ಮಚ್ಚೆ ಇದೆ. ಹುಬ್ಬಿನ ಹತ್ತಿರ ಚಿಕ್ಕಂದಿನಲ್ಲಿ ಬಿದ್ದ ಗಾಯದ ಗೆರೆ ಇದೆ. ಬಣ್ಣ ಅವಳದೇ ಬಣ್ಣ. ಹೆಮ್ಮೆಯಿಂದ ತೋರಿಸಿದೆ.

ನೋಡಿದಳು. ದೊಡ್ಡದು ಮಾಡಿ ನೋಡಿದಳು. ಆಮೇಲೆ ಮೆಲ್ಲಗೆ, "ಮಾಮ, ಒಂಚೂರು ಬೆಳ್ಳಗೆ ಮಾಡಕ್ಕಾಗಲ್ವಾ?" ಅಂದಳು.

ಬಂಧುಗಳೇ, ಅಲ್ಲಿ ನನ್ನ ಬಾಯಿ ಕಟ್ಟಿತು. ವೇದಿಕೆ ಮೇಲೆ ಅರ್ಧ ಗಂಟೆ ಮಾತಾಡಬಲ್ಲೆ ನಾನು, ಬಣ್ಣ, ಜಾತಿ, ಫೇರ್‌ನೆಸ್ ಕ್ರೀಮು ಅಂತ. ಬಣ್ಣಕ್ಕೂ ಜಾತಿಗೂ ಗಂಟು ಹಾಕೋ ಗಾದೆಗಳು ನಮ್ಮ ಭಾಷೆಯಲ್ಲೇ ಇವೆ, ಅವನ್ನ ಇಲ್ಲಿ ಬರೆಯೋಕೂ ಮನಸ್ಸಿಲ್ಲ. ನಮ್ಮಲ್ಲೂ ಬೆಳ್ಳಗಿರೋರಿದ್ದಾರೆ, ಅವರಲ್ಲೂ ಕಪ್ಪಗಿರೋರಿದ್ದಾರೆ, ಆದ್ರೂ ಗಾದೆ ಸಾಯಲ್ಲ. ನಮ್ಮ ಜಯಂತಿಯ ಫ್ಲೆಕ್ಸುಗಳನ್ನೇ ನೋಡಿ, ಬಾಬಾಸಾಹೇಬರು ವರ್ಷದಿಂದ ವರ್ಷಕ್ಕೆ ಬೆಳ್ಳಗಾಗ್ತಿದ್ದಾರೆ, ತುಟಿಗೆ ಕೆಂಪು ಬೇರೆ. ಅದನ್ನ ಪ್ರಿಂಟ್ ಹಾಕಿಸೋರು ನಾವೇ. ನಾನೇ ಹಾಕಿಸಿದ್ದೀನಿ. ಹಾಗಿರೋವಾಗ ಆ ಹುಡುಗಿಗೆ ಏನು ಭಾಷಣ ಮಾಡಲಿ? ಅವಳಿಗೆ ಆ ಪರೀಕ್ಷಾ ಕೊಠಡಿಯಲ್ಲಿ ಅವಮಾನ ಆದದ್ದು ಬೆಳ್ಳಗಿದ್ದ ಫೋಟೋದಿಂದ. ಆದ್ರೆ ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಆದ ಅವಮಾನಗಳೆಲ್ಲ ಕಪ್ಪಗಿರೋ ಮುಖಕ್ಕೆ.

ಇನ್ನೊಂದು ಅನುಮಾನವೂ ಬಂತು. ನಾನು ಸೂರ್ಯನ ಗುರುತನ್ನ ಮೇಲಕ್ಕೆ ಎಳೆದೆನಲ್ಲ, ಅದೇನು? ಅದೂ ಬೆಳ್ಳಗೆ ಮಾಡಿದ್ದಲ್ಲವಾ? ಎಲ್ಲಿಗೆ ನಿಲ್ಲಿಸಬೇಕು ಅಂತ ಯಾರು ಹೇಳ್ತಾರೆ?

ಕೊನೆಗೆ, "ನಿನ್ನ ಕೈ ತಗೊಂಬಾ" ಅಂದೆ. ಬಾಗಿಲ ಬೆಳಕಲ್ಲಿ ಅವಳ ಮುಂಗೈಯನ್ನ ಫೋನಿನ ಪರದೆ ಪಕ್ಕ ಇಡಿಸಿದೆ. ಕೈಯೂ ಕೆನ್ನೆಯೂ ಒಂದೇ ಬಣ್ಣ. "ಇಷ್ಟಕ್ಕೆ ನಿಲ್ಲಿಸಿದ್ದೀನಿ ಕಣವ್ವ. ಇದಕ್ಕಿಂತ ಮೇಲಕ್ಕೆ ಹೋದ್ರೆ ಮತ್ತೆ ಮುಚ್ಚಳಿಕೆ ಬರೀಬೇಕಾಗತ್ತೆ." ಅವಳು ನಕ್ಕಳು. ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ. "ಸರಿ ಮಾಮ, ಅರ್ಜಿಗೆ ಇದೇ ಇರಲಿ" ಅಂದಳು. 'ಅರ್ಜಿಗೆ' ಅನ್ನೋದನ್ನ ಒತ್ತಿ ಹೇಳಿದಳು. ಮದುವೆಗೆ ಗಂಡಿನ ಕಡೆಯವರಿಗೆ ಕಳಿಸೋ ಫೋಟೋ ಬೇರೆ ಇದೆ, ಅದನ್ನ ನಮ್ಮಕ್ಕ ತೆಗೆಸಿಟ್ಟಿದ್ದಾಳೆ, ಅದು ಹೇಗಿದೆ ಅಂತ ನನಗೆ ಗೊತ್ತು.

ಮಧ್ಯಾಹ್ನ ಇಬ್ಬರೂ ಪ್ರಿಂಟ್ ಹಾಕಿಸೋಕೆ ಬಿ.ಎಚ್. ರಸ್ತೆಗೆ ಹೋದ್ವಿ. ಮೂರೂವರೆಗೆ ನಾಲ್ಕೂವರೆ ಸೆಂಟಿಮೀಟರಿನ ಎಂಟು ಫೋಟೋಗಳು 4x6 ಇಂಚಿನ ಒಂದೇ ಹಾಳೆಯಲ್ಲಿ ಕೂರುತ್ತವೆ. ಮನೆಯಲ್ಲೇ ಫೋನಿನಲ್ಲಿ ಜೋಡಿಸಿಕೊಂಡು ಹೋದ್ರೆ ಒಂದು ಮಾಮೂಲಿ ಫೋಟೋ ಪ್ರಿಂಟಿನ ದುಡ್ಡಷ್ಟೇ. ಕೌಂಟರಿನ ಹುಡುಗ ಪರದೆ ಮೇಲೆ ನೋಡಿ, ಒಳ್ಳೇ ಮನಸ್ಸಿಂದಲೇ, "ಸಾರ್, ಸ್ವಲ್ಪ ಫೇರ್ ಮಾಡ್ಲಾ? ಡಲ್ಲಾಗಿದ್ದಾರೆ" ಅಂದ. ನಾನು ಬಾಯಿ ತೆಗೆಯೋ ಮೊದಲು ಅವಳೇ, "ಬೇಡಣ್ಣ, ಹಂಗೇ ಹಾಕಿ. ಪರೀಕ್ಷೆಗೆ" ಅಂದಳು.

ಕೇಳೋರಿದ್ದೀರಿ, ಅದಕ್ಕೆ ಇದನ್ನೂ ಬರೆದುಬಿಡ್ತೀನಿ. ಹೆಸರು ಪಾಸ್‌ಪೋರ್ಟ್ ಸೈಜ್ ಅಂತಿದ್ರೂ, ಪಾಸ್‌ಪೋರ್ಟ್ ಮಾಡಿಸೋಕೆ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗೋ ದೊಡ್ಡವರು ಫೋಟೋ ಒಯ್ಯಬೇಕಾಗಿಲ್ಲ, ಅಲ್ಲೇ ತೆಗೀತಾರೆ. ನಾಲ್ಕು ವರ್ಷದೊಳಗಿನ ಮಕ್ಕಳದ್ದು ಮಾತ್ರ ಬಿಳಿ ಹಿನ್ನೆಲೆಯದ್ದು ಬೇಕು. ಹೊರದೇಶಕ್ಕೆ ಓದೋಕೆ ಹೋಗೋ ನಮ್ಮ ಮಕ್ಕಳು ಗಮನಿಸಿ, ಅಮೆರಿಕದ ವೀಸಾಗೆ ಎರಡು ಇಂಚಿನ ಚೌಕ, ಕನ್ನಡಕ ಇರಬಾರದು, ಮುಖ ತಿದ್ದಿದ ಫೋಟೋ ನಡೆಯಲ್ಲ. ಬ್ಯಾಂಕ್ ಪರೀಕ್ಷೆಯ ಐಬಿಪಿಎಸ್ ಅರ್ಜಿಗೆ 20ರಿಂದ 50 ಕೆಬಿ ಒಳಗಿರಬೇಕು. ಹಿನ್ನೆಲೆ ಬದಲಾಯಿಸಿ ಕೊಡ್ತೀವಿ ಅನ್ನೋ ಪುಕ್ಕಟೆ ಆ್ಯಪುಗಳಿಗೆ ಹೋಗಬೇಡಿ. ಹಿನ್ನೆಲೆ ಜೊತೆಗೆ ಚರ್ಮವನ್ನೂ ಬದಲಾಯಿಸ್ತವೆ, ಹೆಣ್ಣುಮಕ್ಕಳ ಮುಖ ಎಲ್ಲಿಗೆ ಹೋಗತ್ತೋ ಹೇಳೋರಿಲ್ಲ. ಈಗ ಮುಖ ಹೋಲಿಸಿ ನೋಡೋ ಕೆಲಸವನ್ನೂ ಯಂತ್ರಗಳಿಗೆ ಕೊಡ್ತಿದ್ದಾರೆ. ಜಾಯ್ ಬುವೊಲಂವಿನಿ ಅನ್ನೋ ಕರಿಯ ಸಂಶೋಧಕಿ 2018ರಲ್ಲಿ ತೋರಿಸಿದ್ದು ಇದನ್ನೇ: ಮುಖ ನೋಡಿ ಗಂಡೋ ಹೆಣ್ಣೋ ಹೇಳೋ ಯಂತ್ರಗಳು ಬಿಳಿ ಗಂಡಸರ ವಿಷಯದಲ್ಲಿ ನೂರಕ್ಕೆ ಒಂದೂ ತಪ್ಪು ಮಾಡ್ತಿರಲಿಲ್ಲ, ಕಪ್ಪು ಹೆಂಗಸರ ವಿಷಯದಲ್ಲಿ ನೂರಕ್ಕೆ ಮೂವತ್ತನಾಲ್ಕರವರೆಗೂ ತಪ್ಪು. ಮೇಲ್ವಿಚಾರಕರಿಗಾದ್ರೆ ಮುಚ್ಚಳಿಕೆ ಬರೆದುಕೊಡಬಹುದು.

ಎಂಟರಲ್ಲಿ ಏಳು ಅವಳು ತಗೊಂಡು ಸಂಜೆ ಬಸ್ಸಿಗೆ ಹೋದಳು. ಒಂದನ್ನ ನಾನು ಕೇಳಿ ಇಸ್ಕೊಂಡೆ. ಅವ್ವನ ಫ್ರೇಮಿನ ಕೆಳಗಿನ ಮೂಲೆಗೆ ಸಿಕ್ಕಿಸಿದ್ದೀನಿ. ಹಣೆ, ಕಣ್ಣು, ಬಣ್ಣ ಎಲ್ಲ ಅವ್ವನದೇ. ರಾತ್ರಿ ಮಗಳು ನೋಡಿ, "ಅಪ್ಪಾ, ಈಗ ಅಜ್ಜಿ ಥರ ಇದೆ" ಅಂದಳು. ಯಾವುದನ್ನ ಅಂದಳು ಅಂತ ಕೇಳಲಿಲ್ಲ.

ಬರೋ ಭಾನುವಾರ ಕುಣಿಗಲ್‌ನಲ್ಲಿ ಅಕ್ಕನ ಮನೆ ಜಗಲಿ ಮೇಲೆ, ಅದರ ಮುಂದಿನ ಭಾನುವಾರ ಗುಬ್ಬಿಯಲ್ಲಿ. ಸ್ಕಾಲರ್‌ಶಿಪ್ಪಿಗೋ, ಪರೀಕ್ಷೆಗೋ, ಪಿಂಚಣಿಗೋ ಫೋಟೋ ಬೇಕಾದೋರು ಬೆಳಗ್ಗೆ ಎಂಟರಿಂದ ಹನ್ನೊಂದರೊಳಗೆ ಬನ್ನಿ, ಆಮೇಲೆ ಬಿಸಿಲು ಏರತ್ತೆ. ವಯಸ್ಸಾದವರನ್ನ ಮರೀಬೇಡಿ, ಅರ್ಜಿ ಇಲ್ಲದಿದ್ರೂ ಕರ್ಕೊಂಡು ಬನ್ನಿ. ಪೌಡರ್ ಬೇಡ. ಪಂಚೆ, ಟವೆಲು, ಕೋಟು ನಾನೇ ತರ್ತೀನಿ.

ಜೈಭೀಮ್.